ಯಾರ ಸಹಿ?

ಹನ್ನೊಂದು ವರ್ಷದ ಮಗಳಿಗೆ ಎಚ್‌ಪಿವಿ ಲಸಿಕೆ ಹಾಕಿಸುತ್ತೇನೆಂದಾಗ ನನ್ನ ವಾರಗಿತ್ತಿ, "ಮದುವೆ ಗೊತ್ತಾಗಲಿ ಅಕ್ಕಾ, ಈಗಲೇ ಏನವಸರ?" ಎಂದಳು. ಈ ಸೋಂಕು ದೇಹಸಂಪರ್ಕದಿಂದ ಹರಡುತ್ತದೆಂಬುದೇ ಅವಳ ಸಂಕೋಚ. ಆದರೆ ಸೋಂಕು ತಗಲಿದ ಮೇಲೆ ಲಸಿಕೆ ಅದನ್ನು ಗುಣಪಡಿಸದು. ಅದಕ್ಕೇ 9ರಿಂದ 14ರ ವಯಸ್ಸು. ಗಂಡನೊಬ್ಬನನ್ನೇ ನಂಬಿ ಬಾಳಿದವಳಿಗೂ ಅವನಿಂದಲೇ ಸೋಂಕು ಬರಬಹುದು. ಇದಕ್ಕೆ ಮಗಳ ನಡತೆಯನ್ನೇಕೆ ಗಂಟುಹಾಕಬೇಕು?

ನನ್ನನ್ನು ಕಾಡಿದ್ದು ಬೇರೆ. 2009ರಲ್ಲಿ, ಆಗ ಆಂಧ್ರದಲ್ಲಿದ್ದ ಖಮ್ಮಂ ಜಿಲ್ಲೆಯ ಹುಡುಗಿಯರಿಗೆ ಈ ಲಸಿಕೆ ಹಾಕಿದಾಗ, ಎಷ್ಟೋ ಹಾಸ್ಟೆಲುಗಳಲ್ಲಿ ತಂದೆತಾಯಿಯ ಬದಲು ವಾರ್ಡನ್‌ಗಳೇ ಸಹಿ ಹಾಕಿದ್ದರು. ಕೆಲವು ಹುಡುಗಿಯರು ತೀರಿಕೊಂಡರು. 2010ರಲ್ಲಿ ಆ ಯೋಜನೆ ನಿಂತಿತು. ಸಾವಿಗೂ ಲಸಿಕೆಗೂ ಸಂಬಂಧವಿರುವಂತೆ ತನಿಖೆಯಲ್ಲಿ ಕಾಣಲಿಲ್ಲ, ಸರಿ. ಆದರೆ ಕೇಳದೆ ಚುಚ್ಚಿದ್ದು?

ನಾನಾದರೂ ತಾಯಿ, ಸಹಿ ನನ್ನದೇ. ತೋಳು ಮಾತ್ರ ಅವಳದು. 'ಜ್ವರದ ಸೂಜಿ' ಎಂದು ಸುಳ್ಳು ಹೇಳಿ ಕರೆದೊಯ್ಯುವುದು ಸುಲಭವಿತ್ತು (ನಮ್ಮ ಕಾಲದಲ್ಲಿ ಎಲ್ಲವೂ ಹಾಗೇ ನಡೆಯುತ್ತಿತ್ತು). ಗರ್ಭಕೋಶ ಎಲ್ಲಿದೆ, ಅದರ ಬಾಯಿಗೆ ಯಾವ ಕ್ಯಾನ್ಸರ್ ಬರುತ್ತದೆ, ಹೇಗೆ ಬರುತ್ತದೆ, ಎಲ್ಲ ಹೇಳಿದೆ. ಬೇಡವೆಂದಿದ್ದರೆ? ಕಾಯುತ್ತಿದ್ದೆ, ಮತ್ತೆ ಹೇಳುತ್ತಿದ್ದೆ, ಬಿಡುತ್ತಿರಲಿಲ್ಲ.

ಅವಳು ಕೇಳಿದ್ದು ಎರಡೇ: "ನೋಯುತ್ತಾ ಅಮ್ಮಾ?" ಮತ್ತು "ಅಣ್ಣನಿಗೆ ಯಾಕಿಲ್ಲ?"

ಗಂಡುಹುಡುಗರಿಗೂ ಕೊಡುತ್ತಾರೆ. ಶನಿವಾರ ಇಬ್ಬರನ್ನೂ ಕರೆದೊಯ್ಯುತ್ತಿದ್ದೇನೆ.