ಕಾನೂನಿನ ಒಂದು ಪದ, ಬಡವರ ಮನೆಯ ಬೆಳಕು



ತುಂಗಭದ್ರೆಯ ಈಚೆಗೆ ನಮ್ಮ ಮಾಧವರಂ, ಆಚೆಗೆ ರಾಯಚೂರು ಜಿಲ್ಲೆ. ಎರಡೂ ಕಡೆ ನೆಂಟರಿದ್ದಾರೆ, ಮಾತೂ ಒಂದೇ. ಆದರೆ ಕರೆಂಟ್ ಬಿಲ್ಲು ಮಾತ್ರ ಬೇರೆ ಬೇರೆ. ಆಚೆ ಕಡೆ 2023ರಿಂದ ಗೃಹಜ್ಯೋತಿ ಯೋಜನೆ ಇದೆ. ತಿಂಗಳಿಗೆ 200 ಯೂನಿಟ್‌ವರೆಗೆ ಬಳಸುವ ಮನೆಗಳಿಗೆ ಉಚಿತ. ಈಚೆ ಕಡೆ 2004ರಿಂದ ರೈತರ ಪಂಪ್‌ಸೆಟ್ಟಿಗೆ ಉಚಿತ ಕರೆಂಟು. ಮದುವೆ, ಹಬ್ಬಗಳಲ್ಲಿ ಸೇರಿದಾಗ "ನಿಮಗೆ ಅದು ಸಿಕ್ಕಿತು, ನಮಗೆ ಇದು" ಎಂದು ಹೋಲಿಸಿ ಮಾತಾಡುತ್ತೇವೆ. ಆದರೆ ಈ ಎರಡೂ ರಾಜ್ಯಗಳ ಮೇಲೆ ಒಂದೇ ರಾಷ್ಟ್ರೀಯ ಕಾನೂನು ಇದೆ ಎಂಬುದು ಹೆಚ್ಚಾಗಿ ನೆನಪಿಗೆ ಬರುವುದಿಲ್ಲ. ಅದು 2003ರ ವಿದ್ಯುತ್ ಕಾಯ್ದೆ. ನಮ್ಮ ಸಂವಿಧಾನವು ವಿದ್ಯುತ್ತನ್ನು ಸಮವರ್ತಿ ಪಟ್ಟಿಯಲ್ಲಿ ಇಟ್ಟಿರುವುದರಿಂದ ಕೇಂದ್ರವೂ ರಾಜ್ಯಗಳೂ ಅದರ ಬಗ್ಗೆ ಕಾನೂನು ಮಾಡಬಹುದು.

ಈ ಕಾಯ್ದೆಯ ಕಥೆಯಲ್ಲಿ ಒಂದು ಪದದ ಕಥೆ ಇದೆ. ನಾವು ಯೋಚಿಸಬೇಕಾದ ನೈತಿಕ ಪ್ರಶ್ನೆಯೂ ಅದರಲ್ಲೇ ಇದೆ.

ಮೊದಲು ದರದ ಲೆಕ್ಕ ತಿಳಿಯೋಣ. ಆದೋನಿಯ ಜಿನ್ನಿಂಗ್ ಮಿಲ್ಲು ಒಂದು ಯೂನಿಟ್ಟಿಗೆ ಕೊಡುವ ದರ ಹೆಚ್ಚು. ಎರಡು ಬಲ್ಬು, ಒಂದು ಫ್ಯಾನು ಇರುವ ಮನೆ ಕೊಡುವ ದರ ಕಡಿಮೆ. ಮಿಲ್ಲು, ಅಂಗಡಿಗಳಿಂದ ಬರುವ ಹೆಚ್ಚಿನ ಹಣ ಸಣ್ಣ ಮನೆಯ ಬಿಲ್ಲನ್ನು ಇಳಿಸುತ್ತದೆ. ಇದಕ್ಕೆ ಕ್ರಾಸ್ ಸಬ್ಸಿಡಿ ಎನ್ನುತ್ತಾರೆ. ಉಳ್ಳವರು ಇಲ್ಲದವರ ಭಾರಕ್ಕೆ ಸ್ವಲ್ಪ ಹೆಗಲು ಕೊಡುವ ಏರ್ಪಾಡು ಇದು.

ಈ ಕಾಯ್ದೆಯ ಮಸೂದೆ ಲೋಕಸಭೆಗೆ ಬಂದದ್ದು 2001ರಲ್ಲಿ. ಅದನ್ನು ಇಂಧನ ಖಾತೆಯ ಸ್ಥಾಯಿ ಸಮಿತಿಗೆ ಒಪ್ಪಿಸಿದರು. ಸಮಿತಿ ಒಂದು ವರ್ಷಕ್ಕೂ ಹೆಚ್ಚು ಕಾಲ ಪರಿಶೀಲಿಸಿ ವರದಿ ಕೊಟ್ಟಿತು. ಎರಡೂ ಸದನಗಳ ಒಪ್ಪಿಗೆ ಪಡೆದು, ರಾಷ್ಟ್ರಪತಿಗಳ ಅಂಕಿತವಾಗಿ, 2003ರ ಜೂನ್ 10ರಂದು ಕಾಯ್ದೆ ಜಾರಿಗೆ ಬಂತು. ಅದರ 61ನೇ ಸೆಕ್ಷನ್ ಹೇಳಿದ್ದರ ಸಾರ ಇಷ್ಟು: ಕ್ರಾಸ್ ಸಬ್ಸಿಡಿಯನ್ನು ಕಡಿಮೆ ಮಾಡುತ್ತಾ ಹೋಗಿ, ಗೊತ್ತುಪಡಿಸಿದ ಅವಧಿಯಲ್ಲಿ ಇಲ್ಲವಾಗಿಸಬೇಕು.

2004ರಲ್ಲಿ ಸರ್ಕಾರ ಬದಲಾಯಿತು. ಹೊಸ ಸರ್ಕಾರ ಕಾಯ್ದೆಯನ್ನು ಮತ್ತೆ ಪರಿಶೀಲಿಸುವುದಾಗಿ ಹೇಳಿತು. 2007ರ ತಿದ್ದುಪಡಿಯಲ್ಲಿ "ಇಲ್ಲವಾಗಿಸಬೇಕು" ಎಂಬ ಮಾತನ್ನು ತೆಗೆದುಹಾಕಿ, "ಕಡಿಮೆ ಮಾಡಬೇಕು" ಎಂಬುದನ್ನಷ್ಟೇ ಉಳಿಸಿದರು. ಅದೇ ತಿದ್ದುಪಡಿಯಲ್ಲಿ, ಹಳ್ಳಿ ಹಾಡಿಗಳಿಗೆ ವಿದ್ಯುತ್ ಮುಟ್ಟಿಸುವ ಪ್ರಯತ್ನ ಕೇಂದ್ರ, ರಾಜ್ಯ ಎರಡೂ ಸೇರಿ ಮಾಡಬೇಕಾದದ್ದು ಎಂದೂ ಬರೆದರು. ಈಗ 2025ರ ಅಕ್ಟೋಬರಿನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ ಜನರ ಅಭಿಪ್ರಾಯಕ್ಕಾಗಿ ಹೊರಡಿಸಿದ ತಿದ್ದುಪಡಿ ಕರಡಿನಲ್ಲಿ ಆ ಪದ ಇನ್ನೊಂದು ರೂಪದಲ್ಲಿ ಮರಳಿ ಬಂದಿದೆ. ತಯಾರಿಕಾ ಉದ್ದಿಮೆಗಳು, ರೈಲ್ವೆ ಮತ್ತು ಮೆಟ್ರೋ ಹೊರುತ್ತಿರುವ ಕ್ರಾಸ್ ಸಬ್ಸಿಡಿಯನ್ನು ಐದು ವರ್ಷಗಳಲ್ಲಿ ಪೂರ್ತಿ ಇಲ್ಲವಾಗಿಸಬೇಕೆಂಬುದು ಅದರ ಸಲಹೆ.

ಉದ್ದಿಮೆಯವರ ವಾದವನ್ನು ಸುಮ್ಮನೆ ತಳ್ಳಿಹಾಕಬಾರದು. ಕರೆಂಟಿನ ಖರ್ಚು ತಾಳಲಾರದೆ ಮಿಲ್ಲು ಮುಚ್ಚಿದರೆ ಮೊದಲು ಕೂಲಿ ಕಳೆದುಕೊಳ್ಳುವವರು ನಮ್ಮವರೇ. ಊರಲ್ಲಿ ಕೆಲಸವಿಲ್ಲದೆ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುವ ಕುಟುಂಬಗಳ ಕಷ್ಟ ನಮಗೆ ಗೊತ್ತು. ಆದ್ದರಿಂದ ಆ ಪದವನ್ನು ಸೇರಿಸುವವರೆಲ್ಲ ಬಡವರ ವಿರೋಧಿಗಳು, ತೆಗೆಯುವವರೆಲ್ಲ ಬಡವರ ಬಂಧುಗಳು ಎಂದು ತೀರ್ಪು ಕೊಡುವುದು ಸರಿಯಲ್ಲ. ಸದನದಲ್ಲಿ ಎರಡೂ ಪಕ್ಷದವರು ಬಡವರ ಹೆಸರಿನಲ್ಲೇ ಮಾತಾಡುತ್ತಾರೆ.

ಹಾಗಾದರೆ ಒಳ್ಳೆಯ ತಿದ್ದುಪಡಿಯನ್ನು ಗುರುತಿಸುವುದು ಹೇಗೆ? ನನಗೆ ತೋಚುವುದು ಇಷ್ಟು. ಒಬ್ಬರ ಹೆಗಲಿನಿಂದ ಭಾರ ಇಳಿಸುವಾಗ, ಮುಂದೆ ಅದನ್ನು ಹೊರುವವರು ಯಾರು ಎಂದು ಕಾನೂನು ಬಾಯಿಬಿಟ್ಟು ಹೇಳಬೇಕು. ಭಾರ ಆವಿಯಾಗಿ ಹೋಗುವುದಿಲ್ಲ. ಮಿಲ್ಲು ಕೊಡದ ಹಣವನ್ನು ಸಣ್ಣ ಮನೆ ಕೊಡಬೇಕು, ಇಲ್ಲವೇ ಸರ್ಕಾರದ ಖಜಾನೆ ಕೊಡಬೇಕು. ರಾಜ್ಯ ಸರ್ಕಾರ ಯಾರಿಗಾದರೂ ದರದಲ್ಲಿ ರಿಯಾಯಿತಿ ಕೊಡುವುದಾದರೆ ಆ ಹಣವನ್ನು ಮುಂಗಡವಾಗಿ ಕಟ್ಟಬೇಕೆಂದು ಇದೇ ಕಾಯ್ದೆಯ 65ನೇ ಸೆಕ್ಷನ್ ಹೇಳುತ್ತದೆ. ನಿಯಮ ಚೆನ್ನಾಗಿದೆ. ಆದರೆ ಹಲವು ರಾಜ್ಯಗಳಲ್ಲಿ ಆ ಹಣ ತಡವಾಗಿ ಬರುತ್ತದೆ. ಅಷ್ಟರಲ್ಲಿ ವಿದ್ಯುತ್ ಕಂಪನಿಗಳ ಸಾಲ ಬೆಳೆಯುತ್ತದೆ. ಮೇಲಾಗಿ, ಖಜಾನೆಗೆ ಹಣ ಬರುವುದು ಬಡವರು ಕೊಳ್ಳುವ ಸಾಮಾನಿನ ಮೇಲಿನ ತೆರಿಗೆಯಿಂದಲೂ ಹೌದು. ದರಪಟ್ಟಿಯೊಳಗೆ ಸೇರಿದ ನೆರವು ಹಕ್ಕಿಗೆ ಹತ್ತಿರವಾದದ್ದು. ವರ್ಷವರ್ಷದ ಬಜೆಟ್ಟನ್ನು ನಂಬಿದ ನೆರವು ಬರೀ ಭರವಸೆಗೆ ಹತ್ತಿರವಾದದ್ದು. ಹಕ್ಕನ್ನು ತೆಗೆದು ಭರವಸೆ ಕೊಡುವುದಾದರೆ, ಆ ಬದಲಾವಣೆಯನ್ನು ಮುಚ್ಚಿಡದೆ ಚರ್ಚಿಸಬೇಕಾದದ್ದು ನ್ಯಾಯ.

ಸದನದ ಚರ್ಚೆಗೆ ಬೆಲೆ ಬರುವುದೂ ಇಲ್ಲೇ. ಮಸೂದೆಯನ್ನು ಸಮಿತಿ ಓದುವುದು, ಸದನ ಒಂದೊಂದೇ ಕಲಮನ್ನು ಎತ್ತಿಕೊಂಡು ಮತಕ್ಕೆ ಹಾಕುವುದು, ಸದಸ್ಯರು ಮೊದಲೇ ನೋಟಿಸು ಕೊಟ್ಟು ತಿದ್ದುಪಡಿ ಸೂಚಿಸುವುದು, ಇವೆಲ್ಲ ಕಾಲ ತಿನ್ನುವ ಕೆಲಸಗಳು. ಬೇಗ ಮುಗಿಸಿಬಿಡಬೇಕೆಂಬ ಅವಸರ ಇರುವವರಿಗೆ ಇದು ಬೇಸರ. ಆದರೆ ದೊಡ್ಡ ಉದ್ದಿಮೆಗಳಿಗೆ ದಿಲ್ಲಿಯಲ್ಲಿ ಮಾತಾಡುವವರು ಇದ್ದಾರೆ. ಎರಡು ಬಲ್ಬಿನ ಮನೆಗೆ ಯಾರೂ ಇಲ್ಲ. ಅಲ್ಲಿ ಇಲ್ಲದವರ ದನಿ ಅಲ್ಲಿಗೆ ತಲುಪಲು ಸಮಯ ಬೇಕು. ಆ ಸಮಯ ಕೊಡುವುದೂ ನ್ಯಾಯದ ಒಂದು ಭಾಗವೇ. ಅಷ್ಟು ಕಾಲ ಪರಿಶೀಲಿಸಿ ಮಾಡಿದ ಕಾಯ್ದೆಯನ್ನೂ ನಾಲ್ಕು ವರ್ಷಗಳಲ್ಲಿ ತಿದ್ದಬೇಕಾಯಿತು. ತಿದ್ದಲು ದಾರಿ ಇತ್ತು ಎಂಬುದೇ ಸಮಾಧಾನ.

ಈ ಕರ್ತವ್ಯ ಸಂಸದರದು ಮಾತ್ರವಲ್ಲ. ದರ ನಿಗದಿ ಮಾಡುವ ಮೊದಲು ಕಂಪನಿಯ ಅರ್ಜಿಯನ್ನು ಪ್ರಕಟಿಸಬೇಕು, ಜನರ ಸಲಹೆ, ಆಕ್ಷೇಪಣೆ ಕೇಳಬೇಕು ಎಂದು ಕಾಯ್ದೆಯ 64ನೇ ಸೆಕ್ಷನ್ ಹೇಳುತ್ತದೆ. ಆಂಧ್ರಪ್ರದೇಶ ವಿದ್ಯುತ್ ನಿಯಂತ್ರಣ ಆಯೋಗದ ಕಚೇರಿ ಈಗ ನಮ್ಮ ಕರ್ನೂಲಿನಲ್ಲೇ ಇದೆ. ಆದರೆ ಪ್ರಕಟಣೆ ಬರುವುದು ತೆಲುಗು, ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಹಿರಿಯರು ಅದನ್ನು ಓದುವುದು ಹೇಗೆ? ಅವರ ಮೀಟರು ಮಾತ್ರ ಯಾವ ಭಾಷೆಯಲ್ಲಾದರೂ ತಿರುಗುತ್ತದೆ. ನಮ್ಮಲ್ಲಿ ಎರಡು ಮೂರು ಭಾಷೆ ಬಲ್ಲ ಯುವಕ ಯುವತಿಯರು ಬಹಳ ಮಂದಿ ಇದ್ದಾರೆ. ಮುಂದಿನ ಸಲ ದರದ ಪ್ರಕಟಣೆ ಬಂದಾಗ, ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಹತ್ತು ನಿಮಿಷ ಕುಳಿತು ಅದನ್ನು ಕನ್ನಡದಲ್ಲಿ ಓದಿ ಹೇಳಲಿ. ಹಿರಿಯರು ಹೇಳುವುದನ್ನು ತೆಲುಗಿನಲ್ಲಿ ಬರೆದು ಆಯೋಗಕ್ಕೆ ಕಳುಹಿಸಲಿ.

ಎಲ್ಲೋ ದೂರದಲ್ಲಿ ಒಂದು ಪದವನ್ನು ಸೇರಿಸುತ್ತಾರೆ, ತೆಗೆಯುತ್ತಾರೆ. ಅದರ ತೂಕ ಎಷ್ಟೆಂದು ಗೊತ್ತಿರುವುದು ಅದನ್ನು ಹೊರುವವರಿಗೆ. ಅವರನ್ನು ಕೇಳದೆ ಮಾಡಿದ ಕಾನೂನು ಎಷ್ಟೇ ಕ್ರಮಬದ್ಧವಾಗಿದ್ದರೂ ಅರ್ಧ ಕಾನೂನೇ.