ನುಡಿಯನ್ನು ದಾಟಿಸುವವನ ಹೊಣೆ

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಪ್ರತಿವರ್ಷವೂ ಮಹಾನವಮಿಯ ಸಂದರ್ಭದಲ್ಲಿ ಮಾಲತೇಶನ ಕಾರ್ಣಿಕ ಜರುಗುತ್ತದೆ. ವ್ರತನಿಷ್ಠನಾದ ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ನೆರೆದ ಜನಸ್ತೋಮವೆಲ್ಲ ಮೌನ ತಾಳುತ್ತದೆ. ಒಂದೇ ವಾಕ್ಯ ಹೊರಡುತ್ತದೆ. ಹಿಂದೆ ಭಕ್ತರು ಆ ನುಡಿಯನ್ನು ಮನದಲ್ಲಿಟ್ಟುಕೊಂಡು ಊರಿಗೆ ಮರಳಿ, ಕಟ್ಟೆಯ ಮೇಲೆ ಕುಳಿತು, ಮಳೆ-ಬೆಳೆಗಳೊಡನೆ ಹೊಂದಿಸಿ ವಿಚಾರಿಸುತ್ತಿದ್ದರು. ಕೇಳುವುದಕ್ಕೂ ಅರ್ಥ ಹೇಳುವುದಕ್ಕೂ ನಡುವೆ ನಡೆದು ಬರುವ ದಾರಿಯಷ್ಟು ಬಿಡುವಿತ್ತು. ಇಂದು ದೂರದರ್ಶನ ವಾಹಿನಿಗಳೂ ಮೊಬೈಲುಗಳೂ ಆ ನುಡಿಯನ್ನು ಕ್ಷಣಾರ್ಧದಲ್ಲಿ ನಾಡಿಗೆಲ್ಲ ಮುಟ್ಟಿಸುತ್ತವೆ. ಅದರ ಬೆನ್ನಿಗೇ ಯಾರಿಗೆ ಅಧಿಕಾರ, ಯಾರಿಗೆ ಪತನ ಎಂಬ ಸಿದ್ಧ ವ್ಯಾಖ್ಯಾನವೂ ಬರುತ್ತದೆ. ಕೇಳುಗನಿಗೆ ವಿಚಾರಿಸುವ ಕೆಲಸವೇ ಉಳಿಯುವುದಿಲ್ಲ.

ಹಾಗೆಂದು ಸಾಧನವನ್ನೇ ದೂಷಿಸುವುದು ನ್ಯಾಯವಲ್ಲ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯು ಈ ಭಾಗದ ಮನೆಮನೆಗೂ ವಾರ್ತೆಯನ್ನೂ ಸಂಗೀತವನ್ನೂ ತಂದುಕೊಟ್ಟಿತು. ಕೇಳಿದುದನ್ನು ಹಾಗೆಯೇ ಮತ್ತೊಬ್ಬರಿಗೆ ದಾಟಿಸಿದವನಿಗೆ ಹೊಣೆಯುಂಟೋ ಇಲ್ಲವೋ ಎಂಬುದೇ ಇಲ್ಲಿ ವಿಚಾರಾರ್ಹವಾದ ಪ್ರಶ್ನೆ.

2018ರ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಔರಾದ ತಾಲ್ಲೂಕಿನಲ್ಲಿ, ಹೈದರಾಬಾದಿನಿಂದ ಬಂದ ಪ್ರವಾಸಿಗಳು ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಅವರು ಮಕ್ಕಳ ಕಳ್ಳರೆಂಬ ಸುಳ್ಳು ವಾಟ್ಸಾಪಿನಲ್ಲಿ ಹಬ್ಬಿತು. ಮುರ್ಕಿ ಗ್ರಾಮದಲ್ಲಿ ಗುಂಪು ಅವರ ಮೇಲೆರಗಿ ಒಬ್ಬ ನಿರಪರಾಧಿಯ ಪ್ರಾಣ ಹೋಯಿತು. ಆ ಸಂದೇಶವನ್ನು ದಾಟಿಸಿದವರಲ್ಲಿ ಅನೇಕರು ಕೋಲು ಹಿಡಿದವರಲ್ಲ. ಮಕ್ಕಳ ಹಿತಕ್ಕಾಗಿಯೇ ಕಳಿಸಿದೆವೆಂದು ಅವರು ಹೇಳಬಹುದು. ಆದರೆ ಅವರ ಕೈಯಿಲ್ಲದೆ ಆ ಗುಂಪು ಕೂಡುತ್ತಿರಲಿಲ್ಲ.

ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ಒಯ್ಯುವ ರೈತನು ಧಾರಣೆಯ ವಿಷಯದಲ್ಲಿ ಒಬ್ಬನ ಮಾತನ್ನು ನಂಬುವುದಿಲ್ಲ. ನಾಲ್ಕು ಕಡೆ ವಿಚಾರಿಸಿಯೇ ಚೀಲ ಇಳಿಸುತ್ತಾನೆ. ಅದೇ ರೈತನು ನೆರೆಯವನ ಮಾನದ ಮಾತು ಬಂದಾಗ ವಿಚಾರಿಸದೆ ದಾಟಿಸುವುದೇಕೆ? ಅಲ್ಲಿ ನಷ್ಟ ತನ್ನದು, ಇಲ್ಲಿ ನಷ್ಟ ಪರರದು. ಆದುದರಿಂದ ಪರೀಕ್ಷಿಸುವ ಬುದ್ಧಿಗೆ ಕೊರತೆಯಿಲ್ಲ. ಪರರ ಹಾನಿಯನ್ನು ತನ್ನ ಹಾನಿಯೆಂದೆಣಿಸುವ ದಯೆಗೆ ಕೊರತೆಯಿದೆ.

ಆ ತಿಂಗಳಲ್ಲಿಯೇ ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ದಾಟಿಸಬಹುದೆಂದು ಮಿತಿ ವಿಧಿಸಲು ಮುಂದಾಯಿತು. ಮಿತಿಯು ವೇಗವನ್ನು ತಗ್ಗಿಸೀತು. ಆದರೆ ಐವರಿಗೆ ಕಳಿಸಿದ ಸುಳ್ಳೂ ಸುಳ್ಳೇ. ಉಳಿದ ಮಿತಿಯನ್ನು ಮನುಷ್ಯನು ತನ್ನೊಳಗೇ ಕಂಡುಕೊಳ್ಳಬೇಕು.

ಶರಣರು ನುಡಿಯನ್ನು ನಡೆಯಿಂದ ಬೇರ್ಪಡಿಸಲಿಲ್ಲ. ಅನುಭವಮಂಟಪದಲ್ಲಿ ಹಿರಿಯರ ಮಾತೂ ಪ್ರಶ್ನೆಯನ್ನು ಎದುರಿಸಬೇಕಾಗಿತ್ತು. ಅವರ ದೃಷ್ಟಿಯಲ್ಲಿ ನುಡಿಯನ್ನು ದಾಟಿಸುವುದೂ ಒಂದು ನಡೆಯೇ. ಅದರ ಫಲಕ್ಕೆ ದಾಟಿಸಿದವನೂ ಭಾಗಿ. ಇಷ್ಟಲಿಂಗವನ್ನು ಧರಿಸಿ ಪೂಜಿಸುವ ಕರಸ್ಥಲವೇ ಸಂದೇಶವನ್ನೂ ಕಳಿಸುತ್ತದೆ. ದೇವರಗುಡ್ಡದ ಜನಸ್ತೋಮವು ನುಡಿಯನ್ನು ಕೇಳುವುದಕ್ಕಾಗಿ ಒಂದು ಕ್ಷಣ ಸದ್ದಡಗಿಸುತ್ತದೆ. ಕೇಳಿದ ಮೇಲೆಯೂ ಅಷ್ಟೇ ಹೊತ್ತು ಮೌನವಾಗಿದ್ದು, ಇದು ನಿಜವೇ, ಇದರಿಂದ ಯಾರಿಗೆ ನೋವಾದೀತು ಎಂದು ವಿಚಾರಿಸುವುದು ಸದ್ಭಕ್ತನಾದ ಗೃಹಸ್ಥನ ಕರ್ತವ್ಯ.