ಸೆರೆಯ ಹುಡುಗಿಯ ಮಾತು

(ಓದತಕ್ಕ ಭಾಗ: ಅರಸುಗಳ ಎರಡನೆಯ ಪುಸ್ತಕ, 5ನೆಯ ಅಧ್ಯಾಯ)



ಅರಾಮ್ ದೇಶದ ಸೇನಾಪತಿಯಾದ ನಾಮಾನನ ಚರಿತ್ರೆಯನ್ನು ನಾವೆಲ್ಲರೂ ಬಲ್ಲೆವು. ಅವನಿಗೆ ಪದವಿಯಿತ್ತು, ಐಶ್ವರ್ಯವಿತ್ತು. ಅವುಗಳೊಂದಿಗೆ ಕುಷ್ಠವೂ ಇತ್ತು. ಅವನ ಅರಸನಿಗೂ ತೋಚದ ಉಪಾಯವನ್ನು ಅವನ ಮನೆಯಲ್ಲಿ ಸೆರೆಯಾಗಿದ್ದ ಚಿಕ್ಕ ಹುಡುಗಿಯೊಬ್ಬಳು ತಿಳಿಸಿದಳು. ಅವಳ ಹೆಸರು ಸಹ ಬರೆಯಲ್ಪಟ್ಟಿಲ್ಲ. ಅವನು ಬೆಳ್ಳಿ ಬಂಗಾರಗಳನ್ನು ಹೊರಿಸಿಕೊಂಡು ಪರದೇಶಕ್ಕೆ ಹೋದನು. ಆದರೆ ಯೊರ್ದನ್ ಹೊಳೆಯಲ್ಲಿ ಏಳು ಸಾರಿ ಮುಳುಗಬೇಕೆಂದು ಎಲೀಷನು ಹೇಳಿಕಳುಹಿಸಿದಾಗ, ತನ್ನ ದೇಶದ ಹೊಳೆಗಳೇ ಮೇಲೆಂದು ಸಿಟ್ಟುಗೊಂಡು ತಿರುಗಿಕೊಂಡನು. ಆಗಲೂ ಅವನಿಗೆ ಬುದ್ಧಿ ಹೇಳಿದವರು ಸೇವಕರೇ. ಅವರ ಮಾತನ್ನು ಕೇಳದೆ ಇದ್ದರೆ ಕುಷ್ಠದೊಡನೆಯೇ ಮನೆಗೆ ಮರಳುತ್ತಿದ್ದನು.

ಇದನ್ನು ಈಗ ಯಾಕೆ ಜ್ಞಾಪಕಕ್ಕೆ ತರುತ್ತೇವೆ? ದಾಂಡೇಲಿಯ ಹತ್ತಿರದ ಕುಳಗಿಯಲ್ಲಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವಿದೆ. ವಿದ್ಯಾರ್ಥಿಗಳು ಅಲ್ಲಿಗೆ ಬಂದು ಕಾಡನ್ನು ಕಲಿಯುತ್ತಾರೆ. ಹಾಗೆಯೇ ಪರದೇಶದ ವಿದ್ಯಾರ್ಥಿಗಳು ನಮ್ಮ ದೇಶದ ಹಳ್ಳಿಗಳಿಗೆ ಬಂದು ಜನರ ಆರೋಗ್ಯದ ಸಂಗತಿಗಳನ್ನು ಕಲಿಯುವದುಂಟು. ಅವರು ನಾಮಾನನಂತೆ ಕೊಡುವವರಾಗಿಯೇ ಬರಬಹುದು. ಇಲ್ಲವೆ ಹುಡುಗಿಯ ಮಾತಿಗೆ ಕಿವಿಗೊಡಬಹುದು. ವಿದ್ಯೆ ಮುಗಿಯದವನಿಗೆ ಸ್ವದೇಶದಲ್ಲಿ ರೋಗಿಯನ್ನು ಮುಟ್ಟಲು ಅಪ್ಪಣೆಯಿಲ್ಲದಿರುವಾಗ, ಬಡವರ ಊರಲ್ಲಿ ಸೂಜಿ ಚುಚ್ಚಿ ಕೈ ಪಳಗಿಸಿಕೊಳ್ಳುವದು ಸೇವೆಯಲ್ಲ. ಬಡವನ ದೇಹವೂ ದೇವರ ಕೈಕೆಲಸವೇ.

ಕಿವಿಗೊಟ್ಟವರ ದೃಷ್ಟಾಂತ ನೆರೆಯ ಮಹಾರಾಷ್ಟ್ರದ ಜಾಮಖೇಡದಲ್ಲಿದೆ. ವೇಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಕಲಿತ ರಜನೀಕಾಂತ ಆರೋಳೆ, ಮೇಬಲ್ ಆರೋಳೆ ಎಂಬ ದಂಪತಿಗಳು 1970ರಲ್ಲಿ ಅಲ್ಲಿ ಕೆಲಸವನ್ನಾರಂಭಿಸಿದರು. ಆಸ್ಪತ್ರೆಯಲ್ಲಿ ವಾಸಿಯಾದವರು ಕೆಟ್ಟ ನೀರನ್ನೇ ಕುಡಿದು ಅದೇ ರೋಗದಿಂದ ತಿರುಗಿ ಬರುವದನ್ನು ಅವರು ಮೊದಲೇ ಕಂಡಿದ್ದರು. ಆದದರಿಂದ ಹಳ್ಳಿಗಳಿಂದ ಆರಿಸಲ್ಪಟ್ಟ ಹೆಂಗಸರಿಗೆ ಆರೋಗ್ಯದ ಪಾಠವನ್ನು ಕಲಿಸಿದರು. ಅವರಲ್ಲಿ ಅನೇಕರು ಅಕ್ಷರವರಿಯದವರು, ಕೀಳುಜಾತಿಯವರೆಂದು ದೂರವಿಡಲ್ಪಟ್ಟವರು. ಇಂಥವರೇ ಬಸುರಿಯರನ್ನು ವಿಚಾರಿಸಿದರು, ಕೂಸುಗಳನ್ನು ತೂಗಿ ನೋಡಿದರು, ನೀರನ್ನು ಶುದ್ಧವಾಗಿಡಲು ಕಲಿಸಿದರು. 1971ರಲ್ಲಿ ಆ ಹಳ್ಳಿಗಳಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ ಸುಮಾರು 176 ಕೂಸುಗಳು ವರುಷ ತುಂಬುವ ಮೊದಲೇ ಸಾಯುತ್ತಿದ್ದವು. 1990ರ ದಶಕದಲ್ಲಿ ಆ ಲೆಕ್ಕವು 30ಕ್ಕಿಂತ ಕೆಳಗಿಳಿಯಿತು. ಆರೋಳೆ ದಂಪತಿಗಳಿಗೆ 1979ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಅನೇಕ ದೇಶಗಳ ವಿದ್ಯಾರ್ಥಿಗಳು ಜಾಮಖೇಡಕ್ಕೆ ಬಂದು ಆ ಹಳ್ಳಿಯ ಹೆಂಗಸರ ಮುಂದೆಯೇ ಕೂತು ಪಾಠ ಕೇಳಿದ್ದಾರೆ. ಸೆರೆಯ ಹುಡುಗಿಗೆ ಸಿಕ್ಕಿದ ಮಾನವು ಇವರಿಗೂ ಸಿಕ್ಕಿತು.

ಪ್ರಿಯರೇ, ನಮ್ಮ ಕಾಡುಸೀಮೆಯ ಜನರಿಗೂ ಹೇಳಲು ಮಾತುಂಟು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಜ್ವರಕ್ಕೆ ಜನರು ಮಂಗನ ಕಾಯಿಲೆಯೆಂದು ಹೆಸರಿಟ್ಟರು. ಯಾಕಂದರೆ ಮನುಷ್ಯರು ಜ್ವರದಲ್ಲಿ ಬೀಳುವಾಗ ಕಾಡಿನಲ್ಲಿ ಮಂಗಗಳೂ ಸಾಯುತ್ತಿದ್ದವು. ಅದನ್ನು ಹರಡುವದು ಉಣುಗು ಎಂಬ ಚಿಕ್ಕ ಜೀವಿ. ಮಂಗ ಸತ್ತುಬಿದ್ದದ್ದನ್ನು ಮೊದಲು ಕಾಣುವವನು ದೊಡ್ಡ ವೈದ್ಯನಲ್ಲ, ಸೌದೆಗೆ ಹೋದ ಹೆಂಗಸು, ದನ ಮೇಯಿಸುವ ಹುಡುಗ. ಅವರು ಹತ್ತಿರ ಹೋಗದೆ ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸಿದರೆ ಪ್ರಾಣಗಳು ಉಳಿದಾವು. ನಮ್ಮ ಮಾತನ್ನು ಯಾರು ಕೇಳುತ್ತಾರೆಂದು ಸುಮ್ಮನಿದ್ದರೆ ಊರೇ ನರಳೀತು. ಆ ಹುಡುಗಿ ಸುಮ್ಮನಿದ್ದರೆ ನಾಮಾನನ ಗತಿಯೇನಾಗುತ್ತಿತ್ತು?

ಇನ್ನು ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳೋಣ. ದೂರದಿಂದ ಬಂದವನು ಹೇಳಿದರೆ ತಲೆದೂಗುತ್ತೇವೆ. ನಮ್ಮ ಓಣಿಯ ಆಶಾ ಕಾರ್ಯಕರ್ತೆಯು ಅದನ್ನೇ ಹೇಳಿದರೆ, ಇವಳಿಗೇನು ತಿಳಿದೀತೆಂದು ನಗುತ್ತೇವೆ. ಇದು ನಾಮಾನನ ಗರ್ವವೇ. ಯೊರ್ದನಿನಲ್ಲಿ ಮುಳುಗುವದು ಸುಲಭವಾದ ಕಾರ್ಯವಾದದರಿಂದಲೇ ಅವನು ಅದನ್ನು ತುಚ್ಛವೆಂದೆಣಿಸಿದನು. ನಾವೂ ಸುಲಭವಾದದ್ದನ್ನು ತುಚ್ಛವೆಂದೆಣಿಸುತ್ತೇವೆ. ಕೂಸಿಗೆ ಭೇದಿಯಾದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆಯನ್ನೂ ಅರ್ಧ ಚಮಚ ಉಪ್ಪನ್ನೂ ಮಟ್ಟವಾಗಿ ಅಳೆದು ಕದಡಿ, ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಾ ಆರೋಗ್ಯ ಕೇಂದ್ರಕ್ಕೆ ಒಯ್ಯಬೇಕು. ಇಷ್ಟು ಮಾಡದೆ ಎಷ್ಟೋ ತಾಯಂದಿರ ಮಡಿಲು ಬರಿದಾಗಿದೆ.

ಆದದರಿಂದ ಪರದೇಶದ ಯುವಕರು ಬಂದರೆ ಪ್ರೀತಿಯಿಂದ ಸೇರಿಸಿಕೊಳ್ಳೋಣ. ಕೈಚಾಚುವವರಾಗಿ ಅಲ್ಲ, ತಿಳಿದದ್ದನ್ನು ತಿಳಿಸುವವರಾಗಿ ನಿಲ್ಲೋಣ. ತಿಳಿಯದ್ದನ್ನು ಅವರಿಂದ ಕೇಳೋಣ. ಚಿಕ್ಕವರ ಬಾಯಿಂದ ಬಂದ ಒಳ್ಳೇ ಮಾತಿಗೆ ಬೊಗ್ಗುವ ಮನಸ್ಸನ್ನು ಕರ್ತನು ನಮಗೆಲ್ಲರಿಗೂ ದಯಪಾಲಿಸಲಿ. ಆಮೆನ್.